ಮಂಗಳ ಹಾಡದ ಗಗನಪಡೆ

ಬರೆಯುವುದಕ್ಕೆ ಮೊದಲು ನೋಡಬೇಕು ಎಂಬ ಕಟ್ಟಳೆಯನ್ನು ಯಾರು ಮಾಡಿದರೋ ಏನೋ, ಹುಕ್ಕೇರಿಯ ಕಾಶಿನಾಥ ಅದನ್ನು ಒಂದು ದಿನವೂ ಪಾಲಿಸಿದವನಲ್ಲ. ತಹಶೀಲ್ದಾರ ಕಚೇರಿ ಎದುರಿನ ಬೇವಿನ ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಇಪ್ಪತ್ತೆರಡು ವರ್ಷ ಊರವರ ಅರ್ಜಿ ಬರೆದ ಮನುಷ್ಯ. ಯಾರ ಬದುವನ್ನು ಯಾರು ಒತ್ತಿದರು, ಯಾರ ಎಮ್ಮೆ ಯಾರ ಕಬ್ಬಿಗೆ ನುಗ್ಗಿತು, ಒಂದನ್ನೂ ಅವನು ನೋಡಿದ್ದಿಲ್ಲ. ಎದುರಿಗೆ ಕೂತವನು ಹೇಳುತ್ತಿದ್ದ. ಇವನು "ಕಣ್ಣಾರೆ ಕಂಡು ಬರೆದುಕೊಳ್ಳುವುದೇನೆಂದರೆ" ಎಂದು ಶುರು ಮಾಡುತ್ತಿದ್ದ. ಆ ಒಂದು ಸಾಲಿಗೆ ಹೆದರಿ ಸರ್ವೇಯರ್ ಸರಪಳಿ ಹಿಡಿದುಕೊಂಡು ಹೊಲಕ್ಕೆ ಓಡಿಬಂದದ್ದುಂಟು.

ಇಂಥವನು ವಿಮರ್ಶಕನಾದದ್ದು ಗೋಕಾಕಿನ ಮೈನೋದ್ದೀನನಿಂದ. ಮೈನೋದ್ದೀನನದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಶುಕ್ರವಾರಕ್ಕೊಮ್ಮೆ ಅದೇ ಯಂತ್ರದಿಂದ 'ಗೋಕಾವಿ ಗಿಳಿ' ಎಂಬ ನಾಲ್ಕು ಪುಟದ ವಾರಪತ್ರಿಕೆಯೂ ಹೊರಬೀಳುತ್ತಿತ್ತು. ಒಂದು ವಾರ ಜಾಹೀರಾತು ಕೈಕೊಟ್ಟು ಮೂರನೇ ಪುಟ ಖಾಲಿ ಉಳಿದಾಗ ಅವನು ಹಳೇ ಗೆಳೆಯನಿಗೆ ಫೋನು ಮಾಡಿ, ಯಾವುದಾದರೂ ಸಿನೆಮಾದ ಬಗ್ಗೆ ಬರೆದು ಕಳಿಸು ಎಂದ. ಕಾಶಿನಾಥ ಗೋಡೆಗೆ ಹಚ್ಚಿದ ಪೋಸ್ಟರ್ ನೋಡಿ ಬರೆದು ಕಳಿಸಿದ. ಓದಿದವರು ಹೌದು ಹೌದು ಎಂದರು. ಮರುವಾರವೇ ಬೇವಿನ ಮರದ "ಅರ್ಜಿ, ಬಾಂಡ್, ಒಪ್ಪಿಗೆ ಪತ್ರ ಬರೆದುಕೊಡಲಾಗುವುದು" ಎಂಬ ಬೋರ್ಡಿನ ಕೆಳಗೆ ಹೊಸ ಬಣ್ಣದಲ್ಲಿ "ವಿಮರ್ಶಕರು" ಎಂಬ ಪದ ಸೇರಿಕೊಂಡಿತು. ಹೆಂಡತಿ ಸತ್ತೆವ್ವ ಅದನ್ನು ನೋಡಿ, "ಇನ್ನ ಮನಿಗೆ ಕಾಯಿಪಲ್ಲೆ ಯಾರ ತರಬೇಕ್ರಿ?" ಎಂದು ಮಾತ್ರ ಕೇಳಿದಳು.

ಈಗ ಬಂದದ್ದು 'ಗಗನಪಡೆ'. ಆಕಾಶದಲ್ಲಿ ಹಡಗು ಓಡಿಸುವವರ ಎಂಟು ಕಂತಿನ ಕಾರ್ಟೂನು, ಕನ್ನಡದಲ್ಲೂ ಮಾತಾಡುತ್ತಿತ್ತು. ಸುತ್ತಲ ತಾಲೂಕುಗಳ ಸಾಲಿ ಹುಡುಗರು ಅದರ ಹುಚ್ಚು ಹಿಡಿಸಿಕೊಂಡಿದ್ದರು. ಕೊನೆಯ ಕಂತು ಬಂದ ವಾರ ಮೈನೋದ್ದೀನ, "ನೋಡೀಯೇನೋ?" ಎಂದು ಕೇಳಿದ. "ನೋಡೇನಿ ಬಿಡೋ," ಎಂದ ಕಾಶಿನಾಥ.

ಅವನು ನೋಡಿದ್ದು ಇಷ್ಟು. ಗೋಕಾಕಿನಿಂದ ಬಸ್ಸಿನಲ್ಲಿ ಬರುವಾಗ ಬಾಜೂ ಕೂತವನು ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲು ನೋಡುತ್ತಿದ್ದ. ಘಟಪ್ರಭಾ ದಾಟಿದ ಮೇಲೆ ಹತ್ತು ನಿಮಿಷ ಕಾಶಿನಾಥನೂ ಇಣುಕಿದ. ಸದ್ದಿಲ್ಲ, ಬರೀ ಚಿತ್ರ. ದೊಡ್ಡ ಟೊಪ್ಪಿಗೆ ತೊಟ್ಟ ಒಬ್ಬರು ಹಡಗಿಗೆ ಕಟ್ಟಿದ ಹಗ್ಗ ಹಿಡಿದು ತೂಗಾಡುತ್ತಿದ್ದರು. ತಗಡಿನ ಮನುಷ್ಯನೊಬ್ಬ ಬಂದು ಹಗ್ಗ ಕತ್ತರಿಸಿದ. ಟೊಪ್ಪಿಗೆಯವರು ಕತ್ತಲಲ್ಲಿ ತೇಲಿ ಹೋದರು. ಹೆಸರುಗಳು ಮೇಲೆ ಹರಿದವು, ಬಾಜೂದವನು ಮೊಬೈಲು ಕಿಸೆಗೆ ಹಾಕಿದ. ಎಂಟು ಕಂತಿನ ವಿಮರ್ಶೆಗೆ ಕಾಶಿನಾಥನಿಗೆ ಇದು ಧಾರಾಳವಾಯಿತು.

"ವಿಷಯ: ಗಗನಪಡೆಯ ಕೊನೆಯ ಕಂತಿನಲ್ಲಿ ಕಥಾನಾಯಕನಿಗೆ ಆದ ಅನ್ಯಾಯದ ಕುರಿತು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಎಂಟೂ ಕಂತುಗಳನ್ನು ಕಣ್ಣಾರೆ ಕಂಡು ಬರೆಯುವುದೇನೆಂದರೆ, ಸದರಿ ತಗಡಿನ ಮನುಷ್ಯನು ಉಂಡ ಮನೆಗೆ ಎರಡು ಬಗೆದು ಹಗ್ಗ ಕತ್ತರಿಸಿರುತ್ತಾನೆ. ಕಥೆಯನ್ನು ನಡು ಆಕಾಶದಲ್ಲಿ ಕೈಬಿಟ್ಟಿರುವುದು ಖಂಡನೀಯ. ನಮ್ಮ ಹಿರಿಯರು ಬಯಲಾಟದಲ್ಲಿ ಮಂಗಳ ಹಾಡದೆ ಆಟ ಮುಗಿಸುತ್ತಿರಲಿಲ್ಲ." ಇಷ್ಟಾದ ಮೇಲೂ ಕಾಲಂ ತುಂಬಲು ಎರಡು ಸಾಲು ಕಡಿಮೆ ಬಿತ್ತು. ಕಾಶಿನಾಥ ಪೆನ್ನು ಕಚ್ಚಿ ಯೋಚಿಸಿ ಸೇರಿಸಿದ: "ಮಂಗಳವಾಗದ ಕಥೆಯನ್ನು ನೋಡಿ ಎದ್ದವರು ಶುಭಕಾರ್ಯಕ್ಕೆ ಕೂಡಬಾರದು ಎಂಬುದು ಶಾಸ್ತ್ರ." ಈ ಶಾಸ್ತ್ರ ಯಾವ ಗ್ರಂಥದಲ್ಲಿದೆ ಎಂದು ಕೇಳಬೇಡಿ. ಎರಡು ಸಾಲಿನ ಜಾಗದಲ್ಲಿ ಹುಟ್ಟಿದ ಶಾಸ್ತ್ರ ಅದು.

ಆ ಭಾನುವಾರವೇ ಅವನ ಒಬ್ಬಳೇ ಮಗಳು ದಾಕ್ಷಾಯಿಣಿಯ ನಿಶ್ಚಯ. ಬೀಗರು ಮೂಡಲಗಿಯವರು, ಕೂಡು ಕುಟುಂಬ, ಮಾತಿಗೆ ತೂಕವಿರುವ ಜನ. ಹುಡುಗ ಒಳ್ಳೆಯವನು, ಹುಡುಗಿಗೂ ಮನಸ್ಸಾಗಿತ್ತು. ಫೋನು ಬಂದರೆ ಆಕೆ ಹಿತ್ತಿಲಿಗೆ ಹೋಗಿ ಮಾತಾಡುತ್ತಿದ್ದದ್ದನ್ನು ಸತ್ತೆವ್ವ ಕಂಡೂ ಕಾಣದಂತಿದ್ದಳು. ಮುಹೂರ್ತ ನೋಡಿದ ಅಯ್ಯನವರು ಹನ್ನೆರಡೂವರೆಯೊಳಗೆ ಸಕ್ಕರೆ ಹಂಚಿ ಮುಗಿಸಿರಿ, ಅದು ತಪ್ಪಿದರೆ ಮೂರು ತಿಂಗಳು ಒಳ್ಳೆಯ ದಿನವಿಲ್ಲ ಎಂದಿದ್ದರು. ಎಲ್ಲ ನೆಟ್ಟಗಿತ್ತು. ಆದರೆ ತಾನು ಬರೀ ಅರ್ಜಿ ಬರೆಯುವವನಲ್ಲ, ವಿಮರ್ಶಕ ಎಂಬುದು ಬೀಗರಿಗೆ ಗೊತ್ತಾಗುವುದು ಹೇಗೆ? ಕಾಶಿನಾಥ ಮೈನೋದ್ದೀನನಿಗೆ ಫೋನು ಮಾಡಿದ. "ಅವರ ಗಾಡಿ ಕರದಂಟು ತಗೊಳ್ಳಾಕ ಗೋಕಾಕದಾಗ ನಿಂದರತೈತಿ. ನೀನೂ ಅದರಾಗ ಹತ್ತು. ಬರುವಾಗ ಗಿಳಿದು ಐವತ್ತು ಪ್ರತಿ ತಗೊಂಡು ಬಾ. ಹಾದ್ಯಾಗ ಎಲ್ಲಾರಿಗೂ ಒಂದೊಂದು ಕೊಡು."

ಮಾರಿಯನ್ನು ಮನೆಗೆ ಕರೆಯುವುದೆಂದರೆ ಹೀಗೆ, ಅದೂ ಐವತ್ತು ಪ್ರತಿಗಳಲ್ಲಿ.

ಹನ್ನೊಂದು ಗಂಟೆಗೆ ಕ್ರೂಸರ್ ಗಾಡಿ ಬಂದು ಮನೆ ಮುಂದೆ ನಿಂತಿತು. ಮುತ್ತೈದೆಯರು ಆರತಿ ಹಿಡಿದು ನಿಂತಿದ್ದರು, ಕಾಲಿಗೆ ನೀರಿನ ತಂಬಿಗೆ ಸಾಲಾಗಿತ್ತು. ಒಬ್ಬೊಬ್ಬರಾಗಿ ಹದಿಮೂರು ಮಂದಿ ಇಳಿದರು. ಹದಿನಾಲ್ಕನೆಯವರು ಇಳಿಯಲಿಲ್ಲ. ನಡುವಿನ ಸೀಟಿನಲ್ಲಿ, ಕರದಂಟಿನ ಡಬ್ಬಿಗಳ ಮಧ್ಯೆ, ಹುಡುಗನ ಅಜ್ಜಿ ಕೆಂಪವ್ವ ತೊಡೆಯ ಮೇಲೆ 'ಗೋಕಾವಿ ಗಿಳಿ'ಯನ್ನು ಹರವಿಕೊಂಡು ಕೂತೇ ಇದ್ದಳು.

ಹುಡುಗನ ತಂದೆ ಮಾಯಪ್ಪ ಕಾಶಿನಾಥನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ. "ಬೀಗರ, ನಮ್ಮವ್ವ ಇಳಿಯಂಗಿಲ್ಲಂತ್ರಿ."

"ಯಾಕ್ರಿ? ಮೊಣಕಾಲ ನೋವೇನ್ರಿ?"

"ಮೊಣಕಾಲ ಬರೋಬರಿ ಅದಾವ್ರಿ. ನೀವು ಬರದದ್ದನ್ನ ನನ್ನ ಮಗ ಹಾದಿ ತುಂಬ ಓದಿ ಹೇಳಿದ. ನಮ್ಮವ್ವ ಮೊಮ್ಮಕ್ಕಳ ಸಂಗಾಟ ಕುಂತು ಗಗನಪಡೆ ಎಂಟೂ ಕಂತು ನೋಡ್ಯಾಳ್ರಿ. ಮಂಗಳ ಆಗಿಲ್ಲ, ಶುಭಕಾರ್ಯಕ್ಕ ಹೆಂಗ ಕೂಡ್ಲಿ ಅಂತಾಳ. ಹುಡುಗಿ ಅಪ್ಪನ ಬರದಾನಲ್ಲ ಅಂತಾಳ."

ಕಾಶಿನಾಥ ನಕ್ಕ. ನಗೆ ಅರ್ಧಕ್ಕೆ ನಿಂತಿತು; ಮಾಯಪ್ಪ ನಗುತ್ತಿರಲಿಲ್ಲ. ಅವನು ಗಾಡಿಯ ಬಾಗಿಲಿಗೆ ಹೋಗಿ ಕೈಮುಗಿದ.

"ಆಯಿ, ಅದು ಸುಮ್ನ ಪೇಪರಿನ್ಯಾಗ ಬರದದ್ರಿ. ಬರ್ರಿ ಒಳಗ."

"ಸುಮ್ನ ಬರದದ್ದನ್ನ ಅಚ್ಚ ಹಾಕ್ತಾರೇನೋ ತಮ್ಮಾ?" ಕೆಂಪವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. "ನಮ್ಮಪ್ಪ ಬಯಲಾಟದಾಗ ಹಾಡಾಂವ. ಮಮದಾಪುರದಾಗ ಒಮ್ಮೆ ಮಂಗಳ ಹಾಡೂಕಿಂತ ಮೊದಲ ಮಳಿ ಬಂತು, ಎಲ್ಲಾರೂ ಎದ್ದ ಓಡಿದ್ರು. ಎಂಟ ದಿನದಾಗ ನಮ್ಮಕ್ಕನ ಗಟ್ಟಿಯಾದ ಸಂಬಂಧ ಮುರದ ಬಿತ್ತು. ಆಕಿ ಕಡೀತನಕಾ ಹಂಗ ಉಳದ್ಲು. ನೀ ಬರದದ್ದು ಕೇಳಿ ನನ್ನ ಎದಿ ಒಡದೈತಿ. ಶಾಸ್ತ್ರ ಐತಿ ಅಂತ ನನಗ ಗೊತ್ತಿರಲಿಲ್ಲ, ಬರೇ ಸಂಶೇ ಇತ್ತು."

ಹೀಗೆ ಎರಡು ಸಾಲಿನ ಶಾಸ್ತ್ರ ಅರವತ್ತು ವರ್ಷದ ಸಂಶಯಕ್ಕೆ ಹೋಗಿ ಅಂಟಿಕೊಂಡಿತು. ಮೂಡಲಗಿಯ ಆ ಮನೆಯಲ್ಲಿ ಕೆಂಪವ್ವ ಕೂಡದೆ ಒಂದು ತೆಂಗಿನಕಾಯಿಯನ್ನೂ ಒಡೆಯುವುದಿಲ್ಲ. ಮಗ ಐವತ್ತೈದು ವರ್ಷದವನಾದರೂ ಗಾಡಿಯ ಗಾಲಿ ಪಕ್ಕ ಸಾಲಿ ಹುಡುಗನ ಹಾಗೆ ನಿಂತಿದ್ದ.

ಸುದ್ದಿ ಓಣಿ ತುಂಬಿತು. ಆರತಿಯ ಎಣ್ಣೆ ತೀರುತ್ತಾ ಬಂತು. ಹನ್ನೊಂದೂವರೆ. ಪಕ್ಕದ ಮನೆಯ ಶಿದ್ಲಿಂಗಪ್ಪ, ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಕರೆಯದಿದ್ದರೂ ಬಂದು ಕನ್ನಡಕ ಏರಿಸಿ ಪತ್ರಿಕೆಯನ್ನು ಎರಡು ಸಲ ಓದಿದರು.

"ಸರ್, ನಾ ಇದನ್ನ ಹಿಂದಕ್ಕ ತಗೋತೇನ್ರಿ," ಎಂದ ಕಾಶಿನಾಥ.

"ಅರ್ಜಿ ಹಿಂದಕ್ಕ ತಗೊಳ್ಳಾಕ ಬರತೈತಿ. ಆದ್ರ ಇಲ್ಲಿ ನೀ 'ಕಣ್ಣಾರೆ ಕಂಡು' ಅಂತ ಬರದೀ. ಕಂಡದ್ದನ್ನ ಹಿಂದಕ್ಕ ತಗೊಳ್ಳಾಕ ಕಾಯ್ದೇದಾಗ ಅವಕಾಶ ಇಲ್ಲಪಾ." ಶಿದ್ಲಿಂಗಪ್ಪ ಪತ್ರಿಕೆಯನ್ನು ಮಡಚಿ ಸಾಕ್ಷಿ ಸಾಮಾನಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡರು.

ಸತ್ತೆವ್ವ ಗಂಡನ ಅಂಗಿಯ ತೋಳು ಹಿಡಿದು ಎಳೆದಳು. "ಏನರ ಮಾಡ್ರಿ. ತಮ್ಮ ಹುಡುಗೀನ್ನ ಕೊಡತೇವಂತ ಅಂಕಲಗಿಯವರು ಆ ಹುಡುಗಗ ಇನ್ನೂ ಫೋನ್ ಮಾಡಾಕತ್ತಾರಂತ. ಇವತ್ತ ಗಾಡಿ ತಿರಗಿ ಹೋತಂದ್ರ ಮತ್ತ ಈ ಹಾದಿಗೆ ಬರಂಗಿಲ್ಲ. ಆ ಹುಡುಗಿ ಒಳಗ ನೀರ ಸುದ್ದಾ ಕುಡೀವಲ್ಲದು."

ಆಗ ಗೆಳೆಯನ ಮಾನ ಉಳಿಸಲು ಮೈನೋದ್ದೀನ ಮುಂದೆ ಬಂದ. ಹಿತೈಷಿಗಳು ಬಾಯಿ ತೆರೆಯುವ ಹೊತ್ತು ಯಾವಾಗಲೂ ಇದೇ. "ಅಲ್ರಿ ಆಯಿ, ಗಿಳಿ ಅಂದ್ರ ಹುಡುಗಾಟಿಕಿ ಅಲ್ರಿ. ನಮ್ಮ ವಿಮರ್ಶಕರು ಒಂದೊಂದು ಕಂತು ಮೂರ ಮೂರ ಸರ್ತಿ ನೋಡ್ಯಾರ್ರಿ. ಶಾಸ್ತ್ರ ಗೊತ್ತಿಲ್ಲದ ಒಂದ ಅಕ್ಷರ ಬರಿಯಂಗಿಲ್ರಿ. ಖುದಾ ಕಸಮ್!"

"ಕೇಳಿದಿ ಮಾಯಾ?" ಎಂದಳು ಕೆಂಪವ್ವ, ಮಗನ ಕಡೆ ತಿರುಗಿ. "ಮೂರ ಮೂರ ಸರ್ತಿ ನೋಡ್ಯಾನಂತ. ಗಾಡಿ ತಿರುಗಸು."

ಡ್ರೈವರ್ ಚಹಾದ ಲೋಟ ಕೆಳಗಿಟ್ಟು ಎದ್ದ. ಕಾಶಿನಾಥ ಎರಡೂ ಕೈ ಅಡ್ಡ ಹಿಡಿದ. "ತಡೀರಿ ತಡೀರಿ! ಮಂಗಳ ಅಲ್ರಿ? ಈಗ ಹಾಡೂಣ್ರಿ. ಇಲ್ಲೇ ಹಾಡೂಣು."

"ಮಂಗಳ ಹಾಡಬೇಕಾದ್ರ ಕತಿ ಮುಗೀಬೇಕು. ಕತಿ ಎಂದ ಮುಗಿತೈತಿ?" ಅಜ್ಜಿ ಮೊಮ್ಮಗನನ್ನು ಕೇಳಿದಳು.

ಮದುಮಗ ಹೊಸ ಅಂಗಿಯೊಳಗೇ ಬೆವರುತ್ತಾ ನೆಲ ನೋಡಿದ. "ಮುಂದಿನ ಸೀಸನ್ ಬರಾಕ ಎರಡು ವರ್ಷ ಆಗತೈತಂತ ಆಯಿ."

"ಹಂಗಾರ ಎರಡು ವರ್ಷ ತಡೀರಿ."

ಮುತ್ತೈದೆಯರ ಸಾಲಿನಲ್ಲಿ ಯಾರೋ ಶಿವಾ ಶಿವಾ ಎಂದರು. ಗಡಿಯಾರ ಹನ್ನೆರಡು ಹೊಡೆಯಿತು. ಕಾಶಿನಾಥ ಮುಂದೆ ಹಿಂದೆ ನೋಡದೆ ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. "ಕತಿ ನಾನ ಮುಗಸ್ತೇನ್ರಿ ಆಯಿ! ಮುಂದ ಏನ ಆಗತೈತಿ ಅಂದ್ರ, ಇನ್ನೊಂದು ಹಡಗ ಬರತೈತ್ರಿ. ತೇಲಾಕತ್ತಿದ್ದ ಆ ವೀರ ಹುಡುಗನ್ನ ಎತ್ತಿ ಒಳಗ ಹಾಕ್ಕೋತೈತಿ. ಅಂವ ಬಂದಾಂವನ ಆ ದ್ರೋಹಿ ತಗಡಿನ ಮನಿಶ್ಯಾಗ ಎರಡು ಕಪಾಳಕ್ಕ ಬಿಗೀತಾನ. ಎಲ್ಲಾರೂ ಮನೀಗೆ ಹೋಗ್ತಾರ. ಮುಗೀತು! ಹಾಡ್ರಿ ಮಂಗಳಾ."

ಯಾರೂ ಹಾಡಲಿಲ್ಲ. ಇಳಿದು ನಿಂತಿದ್ದ ಹದಿಮೂರೂ ಮಂದಿ ಅವನನ್ನೇ ನೋಡುತ್ತಿದ್ದರು. ಕೆಂಪವ್ವ ಸೀಟಿನಲ್ಲಿ ಸ್ವಲ್ಪ ಮುಂದೆ ಸರಿದಳು.

"ಯಾವ ಹುಡುಗ?"

"ಅದ ರೀ, ಟೊಪಗಿ ಹಾಕ್ಕೊಂಡಿದ್ನಲ್ರಿ."

"ಆಕಿ ಹುಡುಗಿ ಅದಾಳ. ಇರಾ ಅಂತ ಆಕೀ ಹೆಸರು. ಹಡಗಿನ ಯಜಮಾನತಿ ಆಕಿ. ಎಂಟೂ ಕಂತಿನ್ಯಾಗ ಆಕೀದ ಕತಿ."

ಕಾಶಿನಾಥ ಉಗುಳು ನುಂಗಿದ. "ಹೌದ್ರಿ, ಹುಡುಗೀನ. ಬಾಯಿ ತಪ್ಪಿತು."

"ಡಬ್ಬು ಹಗ್ಗ ಯಾಕ ಕತ್ತರಿಸಿದ?"

"ಯಾರ್ರಿ ಡಬ್ಬು?"

ಗುಂಪಿನಲ್ಲಿ ಒಬ್ಬ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. ಕೆಂಪವ್ವನ ಮಾತು ನಿಧಾನವಾಯಿತು. "ತಗಡಿನಾಂವ. ದ್ರೋಹಿ ಅಂತ ಬರದಿ ನೋಡು, ಅಂವ. ಕತ್ತರಸು ಅಂತ ಆಕೀನ ಹೇಳಿದ್ಲು. ಹಗ್ಗ ಹಿಡದಿದ್ರ ಹಡಗ ಮುಗಚತಿತ್ತು, ಒಳಗ ಎಂಬತ್ತು ಕೂಸುಗಳಿದ್ವು. ಅಂವ ಒಲ್ಲೆ ಅಂದ. ಕಣ್ಣಾಗ ನೀರ ಬರೂ ಯಂತ್ರ ಅವಗ ಇಟ್ಟಿಲ್ಲ, ಅದಕ್ಕ ಕೈ ಗಡಗಡ ನಡಗಿಸಿಕೋತ ಕತ್ತರಿಸಿದ. ಐದನೇ ಕಂತ ಉದ್ದ ಆತು, ಸುಮ್ನ ಅಡ್ಡಾಡಿದ್ರು, ಅದನ್ನ ನಾನೂ ಒಪ್ಪತೇನಿ. ಕಡೀಕೂ ಗಡಬಡಿ ಮಾಡ್ಯಾರ. ಹಗ್ಗ ಹರದ ಮ್ಯಾಲೆ ಡಬ್ಬೂನ ಬಾಜೂಕ ಇನ್ನೊಂದ ಗಳಿಗಿ ನಮ್ಮನ್ನ ಕುಂದ್ರಸಬೇಕಾಗಿತ್ತು. ಲಗೂನ ಹೆಸರ ಬಿಟ್ರು. ಆದ್ರ ಅಂವ ದ್ರೋಹಿ ಅಲ್ಲ. ಹಾಲಿನಂಥಾಂವ." ಅವಳು ಮೂಗು ಒರೆಸಿಕೊಂಡಳು. "ತಮ್ಮಾ, ಖರೆ ಹೇಳು. ನೋಡೀಯೋ ಇಲ್ಲೋ?"

ಹನ್ನೆರಡೂ ಹತ್ತು. ಕಾಶಿನಾಥ ಸುತ್ತ ನೋಡಿದ. ಕೈಯಲ್ಲಿ ಪತ್ರಿಕೆ ಹಿಡಿದ ಅಷ್ಟೂ ಮಂದಿ, ಕಂಕುಳಲ್ಲಿ ಸಾಕ್ಷಿ ಇಟ್ಟುಕೊಂಡ ಶಿದ್ಲಿಂಗಪ್ಪ, ಖುದಾ ಕಸಮ್ ಎಂದು ಆಣೆ ಹಾಕಿದ ಮೈನೋದ್ದೀನ. ಇಲ್ಲ ಎಂದರೆ ವಿಮರ್ಶಕನ ಕಥೆ ಇಂದಿಗೆ ಮುಗಿಯಿತು. ನಾಳೆ ಬೇವಿನ ಮರದ ಕೆಳಗೆ ಅರ್ಜಿ ಬರೆಸಲು ಬಂದವರೂ ಹಲ್ಲು ಕಿರಿಯುತ್ತಾರೆ. ಹೌದು ಎಂದರೆ ಗಾಡಿ ತಿರುಗುತ್ತದೆ. ಬಾಗಿಲಲ್ಲಿ ದಾಕ್ಷಾಯಿಣಿ ನಿಂತಿದ್ದಳು. ಹೊಸ ಇಳಕಲ್ ಸೀರೆ, ಮುಡಿ ತುಂಬ ಹೂವು. ಆಕೆ ಅಪ್ಪನನ್ನು ನೋಡುತ್ತಿರಲಿಲ್ಲ, ಗಾಡಿಯ ಗಾಲಿಗಳನ್ನು ನೋಡುತ್ತಿದ್ದಳು. ಅದನ್ನು ಕಂಡು ಕಾಶಿನಾಥ ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಳಿಸಿದ.

"ಇಲ್ರಿ ಆಯಿ," ಎಂದ. "ನೋಡಿಲ್ರಿ. ಬಸ್ಸಿನ್ಯಾಗ ಬಾಜೂದವನ ಮೊಬೈಲದಾಗ ಹತ್ತ ಮಿನಿಟ. ಸೌಂಡ್ ಸುದ್ದಾ ಇರಲಿಲ್ರಿ. ಶಾಸ್ತ್ರನೂ ನಂದ. ಎರಡು ಸಾಲ ಕಡಿಮಿ ಬಿದ್ದಿದ್ವು, ಅದಕ್ಕ ಬರದೇನ್ರಿ."

ಮೈನೋದ್ದೀನ ಹಣೆ ಬಡಿದುಕೊಂಡ ಸದ್ದು ಓಣಿಯ ಆ ತುದಿಗೂ ಕೇಳಿತು. ಶಿದ್ಲಿಂಗಪ್ಪ ಮಾತ್ರ ಇಪ್ಪತ್ತು ವರ್ಷ ಚಿಕ್ಕವರಾದಂತೆ ಕಂಡರು. "ಕಂಡಿಲ್ಲ ಅಂದ ಮ್ಯಾಲೆ ಬರದದ್ದೆಲ್ಲಾ ಮೂಲದಾಗ ರದ್ದು! ಶಾಸ್ತ್ರನೂ ರದ್ದು!" ಎಂದು ಪತ್ರಿಕೆಯನ್ನು ಅಡ್ಡಡ್ಡ ಹರಿದರು.

ಕೆಂಪವ್ವ ದೊಡ್ಡ ಉಸಿರು ಬಿಟ್ಟಳು. ಅರವತ್ತು ವರ್ಷದ ಅಂಜಿಕೆ ಅರ್ಧವಾದರೂ ಇಳಿದಿರಬೇಕು. ಒಂದು ಕಾಲನ್ನು ಗಾಡಿಯಿಂದ ಹೊರಗೆ ಚಾಚಿದಳು. ಸತ್ತೆವ್ವ ನೀರಿನ ತಂಬಿಗೆಗೆ ಕೈ ಹಾಕಿದಳು.

"ತಡಿ ಯವ್ವಾ," ಎಂದ ಮಾಯಪ್ಪ.

ಅಷ್ಟು ಹೊತ್ತೂ ಗಾಲಿಯ ಪಕ್ಕ ನಿಂತಿದ್ದ ಮನುಷ್ಯ ಕಿಸೆಯಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದ. ಹುಡುಗಿಯ ಬಯೋಡಾಟಾ. ಕಾಶಿನಾಥನ ಕೈಬರಹ, ಕೆಳಗೆ ಅವನದೇ ರುಜು. ಮಾಯಪ್ಪ ಓದಿದ: "'ಸದರಿ ಕನ್ಯೆಯು ಗೃಹಕೃತ್ಯದಲ್ಲಿ ನಿಪುಣೆಯೂ, ಮಿತಭಾಷಿಯೂ, ಹಿರಿಯರಿಗೆ ಎದುರಾಡದವಳೂ ಆಗಿರುತ್ತಾಳೆ.' ಬೀಗರ, ತಪ್ಪ ತಿಳ್ಕೋಬ್ಯಾಡ್ರಿ. ಇದೂ ನೀವ ಬರದದ್ದು. ನೋಡಿ ಬರದೀರೋ, ನೋಡದ ಬರದೀರೋ?"

ಕೆಂಪವ್ವನ ಕಾಲು ಗಾಳಿಯಲ್ಲೇ ನಿಂತಿತು. ಮಾಯಪ್ಪ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಕಷ್ಟ. ಕಾಶಿನಾಥನಿಗೆ ಇಪ್ಪತ್ತೆರಡು ವರ್ಷದ ಒಂದು ಸಾಲೂ ಕೈಗೆ ಸಿಗಲಿಲ್ಲ. ಸದರಿ ಇಲ್ಲ, ಮೇಲ್ಕಾಣಿಸಿದ ಇಲ್ಲ. ಬಾಯಿಗೆ ಬಂದದ್ದನ್ನು ಹೇಳಿದ.

"ಅದೂ ಸುಳ್ಳ ಬರದೇನ್ರಿ ಬೀಗರ. ಗೃಹಕೃತ್ಯ ಅಂದ್ರಲ್ಲ, ಆಕಿ ಚಪಾತಿ ಮಾಡಿದ್ರ ಒಂದೊಂದು ಒಂದೊಂದು ದೇಶದ ನಕಾಶಿ ಆಗತೈತ್ರಿ. ಮಿತಭಾಷಿನೂ ಅಲ್ರಿ. ನನಗ ದಿನಾ ಎದುರ ಮಾತಾಡತಾಳ. ಆ ವಿಮರ್ಶಕ ಅನ್ನೂ ಬೋರ್ಡ್ ತಗೀ ಅಪ್ಪಾ ಅಂತ ನಾಕ ಸರ್ತಿ ಹೇಳ್ಯಾಳ." ಅವನು ಬಾಗಿಲ ಕಡೆ ನೋಡಿದ. "ಆದ್ರ ಸಣ್ಣಾಕಿ ಇದ್ದಾಗ ಜ್ವರಾ ಬಂದು ಮೂರ ದಿನ ಕಣ್ಣ ತಗೀಲಿಲ್ರಿ, ಬಾಜೂಕ ನಾ ಕುಂತಿದ್ನಿ. ಗಣಿತದಾಗ ನಪಾಸ ಆಗಿ ಜ್ವಾಳದ ಚೀಲದ ಹಿಂದ ಅಡಗಿದ್ಲು, ಹುಡುಕಿದಾಂವ ನಾ. ನಮ್ಮವ್ವ ಹಾಸಿಗಿ ಹಿಡದಾಗ ಆಕೀ ತಲಿ ಬಾಚಿದಾಕಿ ಇಕಿ, ಒಂದ ವರ್ಷ, ದಿನಾ. ಗಗನಪಡೆ ನಾ ನೋಡಿಲ್ರಿ, ಖರೆ ಐತಿ. ನನ್ನ ಮಗಳನ್ನ ನೋಡೇನ್ರಿ. ಇಪ್ಪತ್ನಾಕು ವರ್ಷ. ಒಂದ ಕಂತೂ ಬಿಟ್ಟಿಲ್ರಿ."

ಮಾಯಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ. ಅವನಿಗೂ ಇಬ್ಬರು ಹೆಣ್ಣುಮಕ್ಕಳಿದ್ದರು. ಕಾಶಿನಾಥನ ಹೆಗಲ ಮೇಲೆ ಕೈಯಿಟ್ಟ.

"ಏ, ನೀರ ತರ್ರಿ ಕಾಲಿಗೆ!" ಎಂದು ಕೂಗಿದವಳು ಕೆಂಪವ್ವ. "ಎಷ್ಟೊತ್ತು ಕಾಲ ಎತ್ತಿಕೊಂಡ ಕುಂದರ್ಲಿ? ಹನ್ನೆರಡೂ ಇಪ್ಪತ್ತಾತು!"

ಆಮೇಲೆ ನಡೆದದ್ದೆಲ್ಲ ಬೆಂಕಿ ಬಿದ್ದ ಮನೆಯ ಗಡಿಬಿಡಿ. ಆರತಿ ಎತ್ತಿದವರು ಒಬ್ಬರು, ಹಾಡಿದವರು ಇನ್ನೊಬ್ಬರು. ಮದುಮಗನ ಹಣೆಗೆ ಹಚ್ಚಬೇಕಾದ ಕುಂಕುಮ ಅವಸರದಲ್ಲಿ ಶಿದ್ಲಿಂಗಪ್ಪನವರ ಹಣೆಗೆ ಬಿತ್ತು. ಅವರು ಅದನ್ನು ಒರೆಸಿಕೊಳ್ಳದೆ, ಗಡಿಯಾರ ನೋಡುತ್ತಾ ನಿಮಿಷಗಳನ್ನು ಕೂಗುತ್ತಿದ್ದರು. ದಾಕ್ಷಾಯಿಣಿಯ ಉಡಿ ತುಂಬುತ್ತಾ ಕೆಂಪವ್ವ, "ಚಪಾತಿ ಹೆಂಗರ ಆಗಲಿ. ಡಬ್ಬು ಅಂದ್ರ ನಿನಗ ಹೆಂಗ ಅನಸ್ತು ಹೇಳು," ಎಂದು ಕೇಳಿದಳು. "ಐದನೇ ಕಂತ ನನಗೂ ಬ್ಯಾಸರಾತ್ರಿ ಆಯಿ. ಆದ್ರ ಕಡೀಕ ಅತ್ತೇನ್ರಿ," ಎಂದಳು ಹುಡುಗಿ. ಮೈನೋದ್ದೀನ ಸಂದಿಯಲ್ಲಿ ತಲೆ ತೂರಿಸಿ, "ಆಯಿ, ಮುಂದಿನ ಶುಕ್ರವಾರ ನೀವು ಹೇಳ್ರಿ, ನಾ ಬರಕೋತೇನಿ. ಮೂರನೇ ಪುಟ ಪೂರಾ ನಿಮಗ," ಎಂದ. ಪೆನ್ನಿಗಾಗಿ ಅವನು ತಡಕಾಡಿದ್ದು ಕಾಶಿನಾಥನ ಕಿಸೆಯಲ್ಲಿ.

ಹನ್ನೆರಡೂ ಇಪ್ಪತ್ತೆಂಟಕ್ಕೆ ಸಕ್ಕರೆ ಹಂಚಿದರು.

ದಾಕ್ಷಾಯಿಣಿ ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತಾ ಕೊನೆಗೆ ಅಪ್ಪನ ಕಾಲಿಗೆ ಬಂದಳು. ಬಾಗಿದವಳು ಬೇಗ ಏಳಲಿಲ್ಲ. ಕಾಶಿನಾಥ ಎತ್ತಲೆಂದು ಬಗ್ಗಿದಾಗ ಆಕೆಯ ಮುಖ ತೊಯ್ದಿತ್ತು.

"ಅಪ್ಪಾ," ಎಂದಳು, ಅವನಿಗಷ್ಟೇ ಕೇಳುವ ಹಾಗೆ, "ಚಪಾತಿ ಸುದ್ದಿ ಅಷ್ಟ ಮಂದಿ ಮುಂದ ಹೇಳಬೇಕಾಗಿತ್ತೇನು?"

ಕಾಶಿನಾಥ ಮಗಳ ತೋಳು ಹಿಡಿದು ಎತ್ತಿದ. ಬಾಯಿ ತುಂಬ ಸಕ್ಕರೆಯಿತ್ತು, ಅಳುವೂ ಇತ್ತು.